ಗುಂಡು ತಡೆಯದ ಶಿರಸ್ತ್ರಾಣದ ಬೆಲೆ

ಶಿರಸ್ತ್ರಾಣ ಇರುವುದು ತಲೆ ಕಾಯಲು. ಆದರೆ ಅಮೆರಿಕದ ವ್ಯಾಲ್ವ್ ಕಂಪನಿಯ ‘ಟೀಮ್ ಫೋರ್ಟ್ರೆಸ್ 2’ ಎಂಬ ಆನ್‌ಲೈನ್ ವಿಡಿಯೊ ಗೇಮ್‌ಗೆ 2011ರಲ್ಲಿ ಬಂದ ‘ಸ್ಪೈರಲ್ ಸ್ಯಾಲೆಟ್’ ಎಂಬ ಶಿರಸ್ತ್ರಾಣ ಒಂದು ಗುಂಡನ್ನೂ ತಡೆಯುವುದಿಲ್ಲ. ಅದು ಬರಿಯ ಅಲಂಕಾರ. ಅದಕ್ಕೆ ಹಣ ತೆರಬೇಕಿರಲಿಲ್ಲ. ‘ಸ್ಪೈರಲ್ ನೈಟ್ಸ್’ ಎಂಬ ಬೇರೊಂದು ಗೇಮ್ ಆಡಿ, ಅದರಲ್ಲಿ ನಿಗದಿತ ಸಾಧನೆಯೊಂದನ್ನು ಪೂರೈಸಿದರೆ ಸಾಕಿತ್ತು. ಸೋಪು ಕೊಂಡರೆ ಬಾಚಣಿಗೆ ಉಚಿತ ಎನ್ನುವ ಹಳೆಯ ವ್ಯಾಪಾರಿ ಜಾಣ್ಮೆಯೇ ಇದು. ಆದರೆ ಸೋಪಿನ ಜೊತೆ ಬಂದ ಬಾಚಣಿಗೆಯನ್ನು ಯಾರೂ ಮಾರುಕಟ್ಟೆಗೆ ಒಯ್ಯುವುದಿಲ್ಲ.

ಈ ಗೇಮ್‌ನಲ್ಲಿ ಆದದ್ದು ಅದೇ. 2007ರಲ್ಲಿ ಬಿಡುಗಡೆಯಾದಾಗ ಪಾತ್ರಗಳಿಗೆ ಬದಲಿಸಿ ತೊಡಿಸುವ ಟೋಪಿಗಳಿರಲಿಲ್ಲ. ಅವು ಬಂದದ್ದು 2009ರಲ್ಲಿ. ಮರುವರ್ಷ ಗೇಮ್‌ನೊಳಗೇ ಅಂಗಡಿ ತೆರೆಯಿತು, ಆಟಗಾರರ ನಡುವೆ ವಿನಿಮಯಕ್ಕೂ ದಾರಿಯಾಯಿತು. 2011ರ ಜೂನ್‌ನಲ್ಲಿ ಗೇಮ್ ಉಚಿತವಾಯಿತು. ಆಡುವುದು ಪುಕ್ಕಟೆ, ಅಲಂಕಾರಕ್ಕೆ ಕಾಸು! 2010ರಲ್ಲಿ ಮ್ಯಾಕ್ ಕಂಪ್ಯೂಟರಿನಲ್ಲಿ ಆಡಿದವರಿಗೆ ಕೆಲವೇ ದಿನಗಳ ಮಟ್ಟಿಗೆ ಉಚಿತವಾಗಿ ಹಂಚಿದ ಇಯರ್‌ಬಡ್ಸ್ ಎಂಬ ಅಲಂಕಾರವಂತೂ ವರ್ಷಗಳ ಕಾಲ ಆಟಗಾರರ ನಡುವೆ ನಾಣ್ಯದಂತೆ ಚಲಾವಣೆಯಲ್ಲಿತ್ತು. ಇಂಥ ವಹಿವಾಟನ್ನು ಅಭ್ಯಸಿಸಲು ವ್ಯಾಲ್ವ್ 2012ರಲ್ಲಿ ಅರ್ಥಶಾಸ್ತ್ರಜ್ಞ ಯಾನಿಸ್ ವರೂಫಾಕಿಸ್ ಅವರನ್ನು ನೇಮಿಸಿಕೊಂಡಿತು. 2015ರಲ್ಲಿ ಗ್ರೀಸ್‌ನ ಹಣಕಾಸು ಸಚಿವರಾದವರು ಇವರೇ.

ಟೋಪಿಯ ಬೆಲೆ ನಿಂತಿರುವುದು ಅದರ ಅಭಾವದ ಮೇಲೆ. ಆದರೆ ಚಿನ್ನದ ಅಭಾವಕ್ಕೂ ಇದಕ್ಕೂ ವ್ಯತ್ಯಾಸವಿದೆ. ಚಿನ್ನವನ್ನು ಭೂಮಿಯಿಂದ ಅಗೆಯಬೇಕು. ಟೋಪಿಯನ್ನು ಕಂಪನಿ ಬೇಕಾದಷ್ಟು ಸೃಷ್ಟಿಸಬಹುದು. ಸೃಷ್ಟಿಸುವುದಿಲ್ಲ ಎಂಬ ನಂಬಿಕೆಯೇ ಕೊಂಡವನ ಆಸ್ತಿ. 2019ರ ಜುಲೈನಲ್ಲಿ ಈ ನಂಬಿಕೆ ಎಷ್ಟು ತೆಳುವಾದುದು ಎಂಬುದು ಬಯಲಾಯಿತು. ಒಂದು ಅಪ್‌ಡೇಟ್‌ನಲ್ಲಿ ನುಸುಳಿದ ದೋಷದಿಂದ, ಅದೃಷ್ಟವಿದ್ದರಷ್ಟೇ ಸಿಗುತ್ತಿದ್ದ ದುಬಾರಿ ಟೋಪಿಗಳು ಕೆಲವು ಹಳೆಯ ಪೆಟ್ಟಿಗೆಗಳನ್ನು ತೆರೆದವರಿಗೆಲ್ಲ ಸಿಗತೊಡಗಿದವು. ದರ ಕುಸಿಯಿತು. ಕಂಪನಿ ಆ ಟೋಪಿಗಳ ವಿನಿಮಯವನ್ನು ತಡೆಹಿಡಿಯಿತು. ವರ್ಷಗಳಿಂದ ಕೂಡಿಟ್ಟವರ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಹಣ ತೆತ್ತು ಪೆಟ್ಟಿಗೆ ತೆರೆಯುವುದು ಜೂಜು ಎಂದು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಹೇಳಿತು. ವ್ಯಾಲ್ವ್‌ನದೇ ಇನ್ನೊಂದು ಗೇಮ್ ಆಗ ಪರಿಶೀಲನೆಗೆ ಒಳಪಟ್ಟಿತ್ತು. ಆಯೋಗದ ತಕರಾರು ಸರಿಯಾದುದೇ. ಆದರೆ ಅದರ ಅಳತೆಗೋಲು ಪಣಕ್ಕಿಟ್ಟ ಹಣ. ಉಚಿತ ಶಿರಸ್ತ್ರಾಣಕ್ಕೆ ಯಾರೂ ಹಣ ಕೊಟ್ಟಿಲ್ಲವಾದ್ದರಿಂದ ಅದು ಈ ಲೆಕ್ಕಕ್ಕೇ ಸಿಗದು. ತಲೆಗೊಂದು ಅಲಂಕಾರ ಬೇಕು, ಅದು ಎಲ್ಲರ ಬಳಿ ಇರಬಾರದು ಎಂಬ ಆಸೆಯನ್ನು ಹದಿಹರೆಯದ ಹುಡುಗನಲ್ಲಿ ಮೊದಲು ಬಿತ್ತುವುದು ಮಾತ್ರ ಅದೇ. ಪೆಟ್ಟಿಗೆಯ ಕೀಲಿಗೆ ಅವನು ಅಪ್ಪನ ಕಾರ್ಡ್ ಕೇಳುವುದು ಆಮೇಲೆ.