ಲ್ಯಾಬಿಗೆ ಬೀಗ ಬಿದ್ದಾಗ ಅವರು ಮುಯ್ಯಾಳು ಮಾಡಿದರು, ನಮ್ಮನ್ನು ಯಾರೂ ಕರೆಯಲಿಲ್ಲ

ಮೊದಲ ಮಳೆ ಬಿದ್ದಾಗ ಕಲ್ಮಲದ ಎರೆ ಹೊಲದಿಂದ ಏಳುವ ವಾಸನೆ ನಮಗೆಲ್ಲ ಗೊತ್ತು. ಅದು ಬರೀ ಮಣ್ಣಿನ ವಾಸನೆಯಲ್ಲ. ಮಣ್ಣೊಳಗಿನ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಅನ್ನುವ ವಸ್ತು ತಯಾರಿಸುತ್ತವೆ, ಹನಿ ಬಿದ್ದಾಗ ಅದು ಗಾಳಿಗೆ ಏಳುತ್ತದೆ.

2009ರಲ್ಲಿ ಬೆಂಗಳೂರಿನ ಒಂದು ವಿದ್ಯಾರ್ಥಿ ತಂಡ ಇದೇ ವಾಸನೆಯ ಬೆನ್ನು ಹತ್ತಿತು. ಲ್ಯಾಬಿನಲ್ಲಿ ಬೆಳೆಸುವ ಇ-ಕೊಲೈ ಬ್ಯಾಕ್ಟೀರಿಯಾಕ್ಕೆ ಜಿಯೋಸ್ಮಿನ್ ತಯಾರಿಸುವ ಜೀನ್ ಸೇರಿಸಿ, ಮಳೆ ವಾಸನೆ ಬಿಡುವ ಬ್ಯಾಕ್ಟೀರಿಯಾ ಮಾಡಿ, ಅದನ್ನು ಅಮೆರಿಕದ ಸ್ಪರ್ಧೆಗೆ ಒಯ್ದರು. ಅವರೇನು ವಿಜ್ಞಾನದ ವಿದ್ಯಾರ್ಥಿಗಳಲ್ಲ. ಸೃಷ್ಟಿ ಎಂಬ ಕಲೆ ಮತ್ತು ವಿನ್ಯಾಸದ ಕಾಲೇಜಿನವರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಅವರಿಗೆ ಆಸರೆಯಾಗಿತ್ತು. ಚಿತ್ರ ಬರೆಯುವ ಹುಡುಗ ಹುಡುಗಿಯರು ಜೀವವಿಜ್ಞಾನಿಗಳ ಸಮಕ್ಕೆ ನಿಂತರು.

ಮಳೆ ವಾಸನೆ ಹೊಲದಲ್ಲೇ ಹುಟ್ಟುತ್ತದೆ. ಆದರೆ ಅದರ ವಿಜ್ಞಾನ ಮಾಡಲು ಹೊಲದ ಮಕ್ಕಳನ್ನು ಯಾರೂ ಕರೆಯುವುದಿಲ್ಲ. ಈ ಬರಹದ ತಕರಾರು ಇಷ್ಟೇ.

ಆ ಸ್ಪರ್ಧೆಯ ಹೆಸರು ಐಜೆಮ್. 2003ರಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದು ಚಿಕ್ಕ ಕೋರ್ಸಾಗಿ ಶುರುವಾಯಿತು, ಮರುವರ್ಷ ಸ್ಪರ್ಧೆಯಾಯಿತು. 2006ರಲ್ಲಿ ಭಾರತದಿಂದ ಹೋದ ತಂಡ ಬೆಂಗಳೂರಿನ ಅದೇ ಜೀವವಿಜ್ಞಾನ ಕೇಂದ್ರದ್ದು. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆ, ಮಣಿಪಾಲದ ತಂಡಗಳೂ ಹೋದವು. ಇಲ್ಲಿ ನಡೆಯುವ ಕೆಲಸಕ್ಕೆ ಸಿಂಥೆಟಿಕ್ ಬಯಾಲಜಿ ಅಂತಾರೆ. ಸರಳವಾಗಿ ಹೇಳಬೇಕೆಂದರೆ, ಜೀವಕೋಶದೊಳಗಿನ ಜೀನ್‌ಗಳನ್ನು ಮೋಟರಿನ ಬಿಡಿಭಾಗಗಳಂತೆ ನೋಡುವುದು, ಬೇಕಾದ ಭಾಗ ಜೋಡಿಸಿ ಬ್ಯಾಕ್ಟೀರಿಯಾದಿಂದ ನಮಗೆ ಬೇಕಾದ ಕೆಲಸ ಮಾಡಿಸುವುದು. ಒಂದು ತಂಡ ಮಾಡಿದ ಭಾಗವನ್ನು ಇನ್ನೊಂದು ತಂಡ ಬಳಸಬಹುದು. ಬೇರೆ ತಂಡದ ಜೊತೆ ಕೂಡಿ ಕೆಲಸ ಮಾಡಿದ್ದೀರಾ ಅನ್ನುವುದನ್ನೂ ಆಗ ಪದಕ ಕೊಡುವಾಗ ನೋಡುತ್ತಿದ್ದರು.

ಇದು ನಮಗೆ ಹೊಸ ಪದ್ಧತಿಯಲ್ಲ. ನಮ್ಮಲ್ಲಿ ಇದಕ್ಕೆ ಮುಯ್ಯಾಳು ಅಂತಾರೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

2020 ಬಂತು. ಕೊರೊನಾದಿಂದ ದೇಶದ ಮೊದಲ ಸಾವು ನಮ್ಮ ಪಕ್ಕದ ಕಲಬುರಗಿಯಲ್ಲೇ ಆಯಿತು. ಮಾರ್ಚ್ 24ರ ಮಧ್ಯರಾತ್ರಿ ದೇಶಕ್ಕೇ ಬೀಗ ಬಿತ್ತು. ಕಾಲೇಜು ಲ್ಯಾಬುಗಳೂ ಮುಚ್ಚಿದವು. ಲ್ಯಾಬಿಲ್ಲದೆ ಬ್ಯಾಕ್ಟೀರಿಯಾ ಬೆಳೆಸುವುದು ಹೇಗೆ? ಸ್ಪರ್ಧೆ ನಿಂತೇ ಹೋಗಬೇಕಿತ್ತು. ನಿಲ್ಲಲಿಲ್ಲ.

ವಿದ್ಯಾರ್ಥಿ ತಂಡಗಳು ಮನೆಯಲ್ಲೇ ಕೂತು ಮೊಬೈಲು, ಲ್ಯಾಪ್‌ಟಾಪಿನ ಮೇಲೆ ಸೇರಿದವು. ಪ್ರಯೋಗ ಆಗದಿದ್ದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಒಬ್ಬರ ವಿನ್ಯಾಸ ಇನ್ನೊಬ್ಬರು ತಿದ್ದಿದರು. ಒಬ್ಬರಿಗೆ ಗಣಿತದ ಮಾದರಿ ಗೊತ್ತು, ಇನ್ನೊಬ್ಬರಿಗೆ ಜೀನಿನ ಕೆಲಸ ಗೊತ್ತು, ಅದಲು ಬದಲು ಮಾಡಿಕೊಂಡರು. ಆ ವರ್ಷ ಬರೀ ವಿನ್ಯಾಸ ಮುಗಿಸಿ, ಪ್ರಯೋಗವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲೂ ಐಜೆಮ್ ಅವಕಾಶ ಕೊಟ್ಟಿತು. ಆ ನವೆಂಬರಿನ ದೊಡ್ಡ ಜಾತ್ರೆ, ಅಂದರೆ ಜಾಂಬೂರಿ, ಪೂರ್ತಿ ಆನ್‌ಲೈನ್ ಆಯಿತು. ಯಾರೂ ವಿಮಾನ ಹತ್ತಲಿಲ್ಲ.

ನಾವು ಇದನ್ನು ಮೆಚ್ಚುತ್ತೇವೆ. ಪದಕದ ಲೆಕ್ಕ ತುಂಬಲು ನಡೆದ ಸಹಯೋಗವೂ ಅದರಲ್ಲಿ ಇದ್ದಿರಬಹುದು. ಆದರೂ ಕಷ್ಟಕಾಲದಲ್ಲಿ ಕೈ ಬಿಡಲಿಲ್ಲವಲ್ಲ, ಅದು ಸಣ್ಣ ಮಾತಲ್ಲ.

ಆದರೆ ಮೆಚ್ಚುಗೆಯ ಜೊತೆಗೇ ಒಂದು ಪ್ರಶ್ನೆ ಏಳುತ್ತದೆ. ಇಷ್ಟು ವರ್ಷ ನಮಗೆ ಏನು ಹೇಳುತ್ತ ಬಂದರು? "ನಿಮ್ಮ ಕಾಲೇಜಿನಲ್ಲಿ ಲ್ಯಾಬ್ ಇಲ್ಲ, ಇಂಥದ್ದೆಲ್ಲ ನಿಮ್ಮಿಂದ ಆಗಲ್ಲ." ದೇವದುರ್ಗದ, ಮಾನ್ವಿಯ ಬಿಎಸ್ಸಿ ಹುಡುಗರು ಈ ಮಾತು ನಂಬಿಯೇ ಸುಮ್ಮನಾದರು. 2020ರಲ್ಲಿ ಬೆಂಗಳೂರಿನವರಿಗೂ ಲ್ಯಾಬ್ ಇರಲಿಲ್ಲ, ಲಂಡನ್ನಿನವರಿಗೂ ಇರಲಿಲ್ಲ. ಆ ಕೆಲವು ತಿಂಗಳು ಎಷ್ಟೋ ತಂಡಗಳು ನಮ್ಮ ಹಾಗೇ ಇದ್ದವು. ಆದರೂ ಕೆಲಸ ನಡೆಯಿತು. ಅಂದಮೇಲೆ ಶುರು ಮಾಡಲು ಲ್ಯಾಬ್ ಬೇಕೇ ಬೇಕು ಅನ್ನುವುದು ಸುಳ್ಳಾಯಿತು.

ಹಾಗಾದರೆ ಏನು ಬೇಕಿತ್ತು? ಇಂಗ್ಲಿಷ್ ಬೇಕಿತ್ತು. ನೆಟ್‌ವರ್ಕ್ ಬೇಕಿತ್ತು. ಒಂದು ತಂಡ ನೋಂದಾಯಿಸಲು ಐದು ಸಾವಿರ ಡಾಲರ್‌ಗೂ ಹೆಚ್ಚು, ಅಂದರೆ ಹೆಚ್ಚುಕಮ್ಮಿ 4 ಲಕ್ಷ ರೂಪಾಯಿ ಶುಲ್ಕ ಬೇಕಿತ್ತು. ಎಲ್ಲಕ್ಕಿಂತ ಮೊದಲು, ಬನ್ನಿ ಅಂತ ಕರೆಯುವವರು ಬೇಕಿತ್ತು.

ಅದೇ ತಿಂಗಳುಗಳಲ್ಲಿ ನಮ್ಮ ಊರಲ್ಲಿ ಏನಿತ್ತು ನೆನಪಿಸಿಕೊಳ್ಳಿ. ಮನೆಗೆ ಒಂದೇ ಮೊಬೈಲು, ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತಬೇಕು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾದಾಗ ಮಾಸ್ತರರೇ ಊರೊಳಗೆ ಬಂದು ಗುಡಿಕಟ್ಟೆ, ಗಿಡದ ನೆರಳಿನಲ್ಲಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದೇ ರೋಗ, ಒಂದೇ ಬೀಗ. ಕೆಲವರಿಗೆ ಅದು ಜಗತ್ತಿನ ಜೊತೆ ಕೂಡುವ ಬಾಗಿಲಾಯಿತು, ನಮ್ಮ ಮಕ್ಕಳಿಗೆ ಶಾಲೆಯ ಬಾಗಿಲೂ ಮುಚ್ಚಿತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಮಗ್ಯಾಕ್ರೀ ಬ್ಯಾಕ್ಟೀರಿಯಾದ ಉಸಾಬರಿ?" ಅನ್ನುವವರು ಇದ್ದಾರೆ. ಅವರಿಗೆ ಹತ್ತಿ ಹೊಲವನ್ನೇ ತೋರಿಸುತ್ತೇವೆ.

ಬಿಟಿ ಹತ್ತಿ ಅಂದರೆ ಏನು? ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿ ಗಿಡಕ್ಕೆ ಸೇರಿಸಿದ್ದು. 2002ರಲ್ಲಿ ದೇಶದಲ್ಲಿ ಅನುಮತಿ ಸಿಕ್ಕಿತು. ಅಂದರೆ ಜೀನ್ ಬದಲಿಸುವ ವಿದ್ಯೆ ಇಪ್ಪತ್ತು ವರ್ಷದ ಹಿಂದೆಯೇ ನಮ್ಮ ಹೊಲಕ್ಕೆ ಬಂದಿದೆ. ತಿಳಿವಳಿಕೆ ಮಾತ್ರ ಬರಲಿಲ್ಲ.

450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂನ ಇನ್ನೊಂದು ಪೊಟ್ಟಣ ಬರುತ್ತಿತ್ತಲ್ಲ, ನೆನಪಿದೆಯೇ? ಬಿಟಿ ಅಲ್ಲದ ಬೀಜ. ಎಷ್ಟು ಜನ ಅದನ್ನು ಹೊಲದ ಸುತ್ತ ಬಿತ್ತಿದೆವು? ಬಹಳಷ್ಟು ಪೊಟ್ಟಣ ಬದುವಿನ ಮೇಲೇ ಉಳಿದವು. ಅದನ್ನು ಕೊಟ್ಟಿದ್ದಕ್ಕೆ ಕಾರಣ ಇತ್ತು. ಬಿಟಿ ತಿಂದೂ ಸಾಯದ ಹುಳು ಅಲ್ಲೊಂದು ಇಲ್ಲೊಂದು ಉಳಿಯುತ್ತದೆ. ಪಕ್ಕದಲ್ಲಿ ಸಾದಾ ಹತ್ತಿ ಇದ್ದರೆ ಅಲ್ಲಿ ಸಾದಾ ಹುಳು ಬೆಳೆಯುತ್ತದೆ. ಗಟ್ಟಿ ಹುಳು ಈ ಸಾದಾ ಹುಳುವಿನ ಜೊತೆ ಕೂಡಿದರೆ ಗಟ್ಟಿ ಸಂತತಿ ಬೇಗ ಹೆಚ್ಚುವುದಿಲ್ಲ. ಸಾದಾ ಹುಳುವೇ ಇಲ್ಲದಿದ್ದರೆ ಗಟ್ಟಿ ಹುಳು ಗಟ್ಟಿ ಹುಳುವಿನ ಜೊತೆಯೇ ಕೂಡುತ್ತದೆ. ಗುಲಾಬಿ ಕಾಯಿಕೊರಕ ಹಾಗೇ ಬಿಟಿಯನ್ನು ಜೀರ್ಣಿಸಿಕೊಂಡಿತು. ರಾಯಚೂರಿನ ಹತ್ತಿ ಬೆಳೆಗಾರರಿಗೆ ಅದರ ಪೆಟ್ಟು ಏನು ಅಂತ ನಾವು ಬರೆದು ಹೇಳಬೇಕಿಲ್ಲ.

ಇಲ್ಲೂ ಬೇಕಿದ್ದದ್ದು ಮುಯ್ಯಾಳೇ. ಒಬ್ಬ ಬಿತ್ತಿದರೆ ಸಾಲದು, ಅಕ್ಕಪಕ್ಕದ ಹೊಲದವರೆಲ್ಲ ಬಿತ್ತಬೇಕು. ಇದನ್ನು ನಮ್ಮ ಭಾಷೆಯಲ್ಲಿ, ನಮ್ಮ ಕಟ್ಟೆಯ ಮೇಲೆ ಕೂತು ಯಾರಾದರೂ ಬಿಡಿಸಿ ಹೇಳಿದ್ದರೆ ನಷ್ಟ ಸ್ವಲ್ಪವಾದರೂ ಕಡಿಮೆಯಾಗುತ್ತಿತ್ತು. ವಿಜ್ಞಾನ ನಮಗೆ ಮಲ್ಲಿಗೆ ಹೂವಲ್ಲ, ಹಿಟ್ಟಿನ ಪ್ರಶ್ನೆಯೇ.

ಇನ್ನು ನೀರಿಗೆ ಬನ್ನಿ. ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆಯ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ವಿಷ ಸಿಕ್ಕಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನರ ಚರ್ಮದ ಮೇಲೆ ಅದರ ಗುರುತು ಕಂಡಿದೆ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ಪರೀಕ್ಷೆ ಮಾಡಿದರೇ ಗೊತ್ತಾಗುವುದು. 2006ರ ಐಜೆಮ್‌ನಲ್ಲಿ ಎಡಿನ್‌ಬರೋ ವಿದ್ಯಾರ್ಥಿಗಳು ಇದಕ್ಕೇ ಒಂದು ಬ್ಯಾಕ್ಟೀರಿಯಾ ರೂಪಿಸಿದರು. ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದು ಹುಳಿ ಬಿಡುತ್ತದೆ, ಬಣ್ಣ ಬದಲಾಗಿ ಕಣ್ಣಿಗೇ ಗೊತ್ತಾಗುತ್ತದೆ. ಅವರ ಕಣ್ಣೆದುರು ಇದ್ದದ್ದು ಬಾಂಗ್ಲಾದೇಶದ ಬಾವಿಗಳು.

ಸ್ಕಾಟ್ಲೆಂಡಿನ ಮಕ್ಕಳು ಬಾಂಗ್ಲಾದೇಶದ ನೀರಿನ ಬಗ್ಗೆ ತಲೆ ಕೆಡಿಸಿಕೊಂಡರು. ಸಂತೋಷ. ಆದರೆ ವಿಷದ ನೀರು ಕುಡಿಯುವ ಊರಿನ ಮಕ್ಕಳೇ ಆ ತಂಡದಲ್ಲಿ ಇದ್ದಿದ್ದರೆ? ಬೇಸಿಗೆಯಲ್ಲಿ ಯಾವ ಬಾವಿ ಬತ್ತುತ್ತದೆ, ಯಾವ ನೀರನ್ನು ಹೆಂಗಸರು ಕುಡಿಯಲು ತರುತ್ತಾರೆ, ಯಾವುದನ್ನು ಬರೀ ದನಕ್ಕೆ ಬಿಡುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅದು ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ.

ಜೀನ್ ಬದಲಿಸಿದ ಜೀವಿ ಎಂದರೆ ಹೆದರುವವರಿಗೂ ಒಂದು ಮಾತು. ಹೆದರಿಕೆಗೆ ಅರ್ಥ ಇದೆ. ಅನುಮತಿಯಿಲ್ಲದೆ ಇಂಥ ಜೀವಿಯನ್ನು ಹೊರಗೆ ಬಿಡುವಂತಿಲ್ಲ ಎಂದು ತಡೆಯಲು ದೇಶದಲ್ಲಿ 1989ರಿಂದಲೇ ನಿಯಮ ಇವೆ. ಆದರೆ ಇದೇ ವಿದ್ಯೆಯಿಂದ ಸಕ್ಕರೆ ಕಾಯಿಲೆಯ ಇನ್ಸುಲಿನ್ ತಯಾರಾಗುತ್ತದೆ. ಬೇಕು ಅನ್ನಲೂ ಬೇಡ ಅನ್ನಲೂ ಮೊದಲು ಅದು ಏನೆಂದು ತಿಳಿದಿರಬೇಕು. ತಿಳಿಯದವರ ಪರವಾಗಿ ಕಂಪನಿ ತೀರ್ಮಾನ ಮಾಡುತ್ತದೆ, ಬಿಟಿ ಹತ್ತಿಯಲ್ಲಿ ಆದ ಹಾಗೆ.

ಹಾಗಾದರೆ ಏನು ಮಾಡಬೇಕು?

ಬೆಂಗಳೂರು, ಮಣಿಪಾಲದ ತಂಡಗಳೇ, ನಮ್ಮ ಊರಿಗೆ ಬರುವುದಾದರೆ ಬರೀ ಸರ್ವೆ ಫಾರ್ಮ್ ಹಿಡಿದು ಬರಬೇಡಿ. ನಾವು ಉತ್ತರ ತುಂಬುವವರು ಮಾತ್ರ ಅಲ್ಲ. ದೇಶ ವಿದೇಶದ ತಂಡಗಳ ಜೊತೆ ಮಾಡುವ ಸಹಯೋಗವನ್ನು ದೇವದುರ್ಗದ ಒಂದು ಡಿಗ್ರಿ ಕಾಲೇಜಿನ ಜೊತೆ ಮಾಡಿ. ಕನ್ನಡದಲ್ಲಿ ಮಾಡಿ. ನಮ್ಮ ಹುಡುಗಿಯ ಹೆಸರು ಕೃತಜ್ಞತೆಯ ಸಾಲಿನಲ್ಲಿ ಅಲ್ಲ, ತಂಡದ ಪಟ್ಟಿಯಲ್ಲಿ ಇರಲಿ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರೇ, ರಸ್ತೆ, ಕಟ್ಟಡಕ್ಕೆ ಕೊಡುವ ಹಣದ ಮುಂದೆ ಈ ಶುಲ್ಕ ಎಷ್ಟರದು? ವರ್ಷಕ್ಕೆ ಒಂದು ತಂಡದ ಶುಲ್ಕ ಕಟ್ಟಿ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಐಐಐಟಿ ಇದೆ, ವೈದ್ಯಕೀಯ ಕಾಲೇಜು ಇದೆ. ಬೆಳೆ ಬಲ್ಲವರು, ಕಂಪ್ಯೂಟರ್ ಬಲ್ಲವರು, ರೋಗ ಬಲ್ಲವರು ಒಂದೇ ಊರಿನಲ್ಲಿ ಇದ್ದಾರೆ. ಅವರನ್ನು ಒಂದು ಮೇಜಿಗೆ ಕೂರಿಸಿ, ತಾಲ್ಲೂಕು ಕಾಲೇಜುಗಳ ಮಕ್ಕಳನ್ನೂ ಜೊತೆಗೆ ಕೂರಿಸಿ.

ನಮ್ಮವರಿಗೂ ಒಂದು ಮಾತು. ಐಐಟಿ ರಾಯಚೂರಿಗೆ ಎಂದು ನಂಜುಂಡಪ್ಪ ವರದಿ ಹೇಳಿತ್ತು, ಅದು ಧಾರವಾಡಕ್ಕೆ ಹೋಯಿತು. ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಕೂತೆವು. ಆ ಹೋರಾಟ ಬಿಡಬಾರದು. ಆದರೆ ಕಟ್ಟಡ ಬರುವ ತನಕ ಕೈಕಟ್ಟಿ ಕೂರಲೂಬಾರದು. ಕಟ್ಟಡದ ಬಾಗಿಲು ಮುಚ್ಚಿದಾಗಲೂ ಕೆಲಸ ನಡೆಯುತ್ತದೆ ಎಂದು ಆ ವಿದ್ಯಾರ್ಥಿಗಳು ತೋರಿಸಿದ್ದಾರೆ.

ನಿಮ್ಮ ಮನೆಯಲ್ಲಿ ಬಿಎಸ್ಸಿ ಓದುವವರು ಇದ್ದರೆ ಇದನ್ನು ಅವರಿಗೆ ಕಳಿಸಿ. ನಾಲ್ಕು ಜನ ಸೇರಿ ನಿಮ್ಮ ಪ್ರಾಧ್ಯಾಪಕರ ಮುಂದೆ ಹೋಗಿ ಒಂದೇ ಮಾತು ಕೇಳಿ: "ಸರ್, ನಮ್ಮ ಊರ ನೀರಿನ ಮೇಲೆ ನಾವೇ ಯಾಕೆ ಕೆಲಸ ಶುರು ಮಾಡಬಾರದು?" ಅವರು ಲ್ಯಾಬ್ ಇಲ್ಲ ಅಂದರೆ, 2020ರಲ್ಲಿ ಎಷ್ಟೋ ತಂಡಗಳಿಗೆ ಇರಲಿಲ್ಲ ಅಂತ ಹೇಳಿ.