ಮಹಾಪಧಮನಿಯ ಶಸ್ತ್ರಕ್ರಿಯೆಯೂ ಮೂತ್ರಪಿಂಡಗಳೂ

ಹೃದಯದಿಂದ ಹೊರಟು ಎದೆಯನ್ನೂ ಉದರವನ್ನೂ ಹಾದು ಇಳಿಯುವ ಮಹಾಪಧಮನಿಯು ಕೆಲವರಲ್ಲಿ, ಅದರಲ್ಲಿಯೂ ಬಹುಕಾಲ ಧೂಮಪಾನ ಮಾಡಿದ ವೃದ್ಧರಲ್ಲಿ, ಒಂದೆಡೆ ದುರ್ಬಲವಾಗಿ ಉಬ್ಬಿಕೊಳ್ಳುವುದುಂಟು. ಅದು ಒಡೆದರೆ ಪ್ರಾಣಕ್ಕೇ ಸಂಚಕಾರ. ತೊಡೆಸಂದಿನ ರಕ್ತನಾಳದ ಮೂಲಕವೇ ನಳಿಕೆಯನ್ನು ತೂರಿಸಿ ನಿಲ್ಲಿಸುವ ವಿಧಾನವು ಈಗ ಬಂದಿದೆಯಾದರೂ ಎಲ್ಲರಿಗೂ ಅದು ಒಗ್ಗದು. ಅಂಥವರ ದೇಹವನ್ನು ತೆರೆದು, ಉಬ್ಬಿದ ಭಾಗದಲ್ಲಿ ಡೆಕ್ರಾನ್ ಬಟ್ಟೆಯ ನಳಿಕೆಯನ್ನು ಹೊಲಿಯಬೇಕಾಗುತ್ತದೆ. ಅಮೆರಿಕದ ಹೂಸ್ಟನ್ ನಗರದ ಡಾ. ಮೈಕೇಲ್ ಡಿಬೇಕಿಯವರು 1950ರ ದಶಕದಲ್ಲಿ ತಮ್ಮ ಮೊದಮೊದಲ ನಳಿಕೆಗಳನ್ನು ಹೆಂಡತಿಯ ಹೊಲಿಗೆಯಂತ್ರದಲ್ಲಿಯೇ ಸಿದ್ಧಪಡಿಸಿದರೆಂದರೆ ನಮ್ಮ ಗೃಹಿಣಿಯರಿಗೆ ಸಂತೋಷವಾದೀತು!

ಹೊಲಿಯುವಷ್ಟು ಹೊತ್ತು ಮಹಾಪಧಮನಿಯನ್ನು ಇಕ್ಕಳದಿಂದ ಬಿಗಿಹಿಡಿದು ರಕ್ತಪ್ರವಾಹವನ್ನು ತಡೆಯಬೇಕು. ಮೂತ್ರಪಿಂಡಗಳಿಗೆ ಕುತ್ತು ಬರುವುದು ಆಗಲೇ. ಇವೆರಡೂ ಸೇರಿ ಸುಮಾರು 300 ಗ್ರಾಂ ತೂಗುತ್ತವೆ. ಆದರೆ ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಇವುಗಳಿಗೇ ಸಲ್ಲಬೇಕು. ಆ ರಕ್ತವನ್ನು ತರುವ ಕವಲುಗಳು ಉದರದೊಳಗೆ ಮಹಾಪಧಮನಿಯಿಂದಲೇ ಒಡೆಯುತ್ತವೆ. ಇಕ್ಕಳವು ಕವಲುಗಳಿಗಿಂತ ಮೇಲೆ ಬಿದ್ದರೆ ರಕ್ತವು ನಿಂತೇಹೋಗುತ್ತದೆ. ಕೆಳಗೆ ಬಿದ್ದರೂ ಕುಗ್ಗುತ್ತದೆ. ದೇಹದ ಸಹಜವಾದ ಬಿಸಿಯಲ್ಲಿ ಮೂತ್ರಪಿಂಡಗಳು ರಕ್ತವಿಲ್ಲದೆ ಕ್ಷೇಮವಾಗಿ ತಾಳುವುದು ಸುಮಾರು ಅರ್ಧ ಗಂಟೆ ಮಾತ್ರ. ಶಸ್ತ್ರವೈದ್ಯರ ಕೈಯ ಚುರುಕೇ ಆದುದರಿಂದ ಮೊದಲನೆಯ ರಕ್ಷೆ.

ಕೆಲಸ ದೀರ್ಘವಾದರೆ? ರಕ್ತವಿಲ್ಲದೆ ಸೊರಗುವ ಅಂಗಕ್ಕೆ ಯಂತ್ರದ ಮೂಲಕ ರಕ್ತವನ್ನೇ ಹಾಯಿಸೋಣವೆಂದು ಯಾರಿಗಾದರೂ ತೋರುತ್ತದೆ. ಹೂಸ್ಟನ್ನಿನ ವೈದ್ಯರು 2002ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಬೇರೆಯೇ ಕಥೆ ಹೇಳಿತು. ಎದೆಯಿಂದ ಉದರದವರೆಗೆ ವ್ಯಾಪಿಸಿದ ಉಬ್ಬುಳ್ಳ 30 ಮಂದಿಯಲ್ಲಿ 16 ಮಂದಿಯ ಮೂತ್ರಪಿಂಡಗಳಿಗೆ ಬೆಚ್ಚನೆಯ ರಕ್ತವನ್ನೂ, 14 ಮಂದಿಗೆ 4 ಡಿಗ್ರಿ ಸೆಂಟಿಗ್ರೇಡಿಗೆ ತಣಿಸಿದ ಲವಣದ್ರಾವಣವನ್ನೂ ಹಾಯಿಸಿದರು. ರಕ್ತ ಪಡೆದವರಲ್ಲಿ 10 ಮಂದಿಯ ಮೂತ್ರಪಿಂಡಗಳು ತೊಂದರೆಗೊಳಗಾದವು. ತಣ್ಣನೆಯ ದ್ರಾವಣ ಪಡೆದವರಲ್ಲಿ ಮೂವರವು ಮಾತ್ರ. ಪರೀಕ್ಷೆ ಚಿಕ್ಕದು, ನಿಜ. ಆದರೂ ಕಾರಣವನ್ನು ಊಹಿಸುವುದು ಕಷ್ಟವಲ್ಲ: ತಣ್ಣಗಾದ ಜೀವಕೋಶಗಳ ಹಸಿವೇ ತಗ್ಗುತ್ತದೆ.

ಔಷಧಗಳ ಹಿರಿಮೆ ಇಷ್ಟಿಲ್ಲ. ಮೂತ್ರಪಿಂಡಗಳನ್ನು ಕಾಯುವುದೆಂಬ ನಂಬಿಕೆಯಿಂದ ದಶಕಗಳ ಕಾಲ ಡೋಪಮಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಕೊಡುತ್ತಿದ್ದರು. ತೀವ್ರ ಅಸ್ವಸ್ಥರಾದವರ ಮೇಲೆ ಆಸ್ಟ್ರೇಲಿಯ ಹಾಗೂ ನ್ಯೂಜಿಲೆಂಡುಗಳ ವೈದ್ಯರು ನಡೆಸಿ 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನವೇ ಕಾಣಲಿಲ್ಲ. ಔಷಧಕ್ಕಿಂತ ರಕ್ತದೊತ್ತಡ ಕುಸಿಯದಂತೆ, ದೇಹದಲ್ಲಿ ದ್ರವಾಂಶ ಬತ್ತದಂತೆ ಅರಿವಳಿಕೆಯ ವೈದ್ಯರು ಕಾಯುವ ಕಾವಲೇ ಮೇಲು.

ಮನೆಯವರ ಪಾಲಿನ ಕೆಲಸವೂ ಇದೆ. ರೋಗಿಯು ಮಂಡಿನೋವಿಗೆಂದು ನಿತ್ಯವೂ ನುಂಗುವ ಮಾತ್ರೆಗಳನ್ನು, ಅವು ಅಂಗಡಿಯಿಂದ ತಾವಾಗಿಯೇ ತಂದವಾದರೂ, ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಅವುಗಳಲ್ಲಿ ಹಲವು ಮೂತ್ರಪಿಂಡಗಳಿಗೆ ಹಗೆ. ರಕ್ತದ ಕ್ರಿಯಾಟಿನಿನ್ ಸರಿಯಾಗಿದೆಯೆಂಬ ವರದಿಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ಮೂತ್ರಪಿಂಡಗಳ ಶಕ್ತಿ ಅರ್ಧದಷ್ಟು ಕುಂದುವವರೆಗೂ ಆ ಅಂಕಿ ಏರದೆ ಇರಬಹುದು. ಶಸ್ತ್ರಕ್ರಿಯೆಯ ಅನಂತರ ರೋಗಿಯ ಮಂಚಕ್ಕೆ ತೂಗುಹಾಕಿದ ಮೂತ್ರದ ಚೀಲವನ್ನು ದಾದಿಯರು ಗಂಟೆಗೊಮ್ಮೆ ನೋಡಿ ಅಳತೆಯನ್ನು ಬರೆದುಕೊಳ್ಳುವುದು ಈ ಕಾರಣಕ್ಕಾಗಿಯೇ.