ದೊಡ್ಡ ಚಕ್ರ ಅನ್ನೋ ದೊಡ್ಡ ಸುಳ್ಳು

ತುಂಬಾ ದಿನದಿಂದ ಬ್ಲಾಗ್ ಕಡೆ ತಲೆ ಹಾಕಿರಲಿಲ್ಲ. ಕೆಲಸ ಜಾಸ್ತಿ ಅಂತ ಸುಳ್ಳು ಹೇಳಲ್ಲ, ಎಡಗೈ ಕತ್ತಿಗೆ ನೇತುಹಾಕಿಕೊಂಡಿತ್ತು. ಒಂದೇ ಕೈಯಲ್ಲಿ ಒತ್ತಕ್ಷರ ಕುಟ್ಟೋ ಕಷ್ಟ ನಿಮಗೂ ಗೊತ್ತು. ಈಗ ಕೈ ಸರಿಹೋಗಿದೆ, ಸಿಟ್ಟು ಮಾತ್ರ ಹಾಗೇ ಉಳಿದಿದೆ. ಅದನ್ನ ಇಲ್ಲಿ ಕಾರಿಕೊಳ್ತಿದ್ದೀನಿ.

ವಿಷಯ ಸೈಕಲ್ಲಿನದು. ನಾನಿರೋದು ಅಮೆರಿಕದ ಮಿನ್ನೆಸೋಟದಲ್ಲಿ. ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ. ಅದರಲ್ಲೂ ಸುಮ್ಮನೆ ಕೂರದ ಇಲ್ಲಿಯ ಜನ ಓಡಿಸೋದು ಫ್ಯಾಟ್ ಬೈಕ್. ನಾಲ್ಕೈದು ಇಂಚು ದಪ್ಪದ ಟೈರು, ಒಳಗೆ ಬರೀ ಐದಾರು ಪಿಎಸ್‌ಐ ಗಾಳಿ. ಹಿಮದಲ್ಲಿ ಹೂತುಹೋಗದೆ ಮೇಲೇ ಉರುಳುತ್ತೆ. ನಮ್ಮ ಪಕ್ಕದ ಬ್ಲೂಮಿಂಗ್ಟನ್ನಿನ ಸರ್ಲಿ ಕಂಪನಿ 2005ರಲ್ಲಿ ಪಗ್ಸ್ಲಿ ಅನ್ನೋ ಸೈಕಲ್ ತಂದ ಮೇಲೆ ಇದು ಹವ್ಯಾಸಿಗಳ ಶೆಡ್ಡಿನಿಂದ ಅಂಗಡಿಗೆ ಬಂತು.

ತೊಂದರೆ ಶುರುವಾಗೋದು ಬೇಸಿಗೆಯಲ್ಲಿ. ಗಟ್ಟಿ ನೆಲದ ಮೇಲೆ ಅದೇ ಟೈರು ಎಮ್ಮೆ ಎಳೆದ ಹಾಗೆ. ಗಾಳಿ ಕಡಿಮೆ ಇಟ್ಟರೆ ಹ್ಯಾಂಡಲ್ ತಾನಾಗೇ ಒಂದು ಕಡೆ ಎಳೆಯುತ್ತೆ, ಜಾಸ್ತಿ ಹಾಕಿದರೆ ಸೈಕಲ್ಲು ಚೆಂಡಿನ ಹಾಗೆ ಪುಟಿಯುತ್ತೆ. ಇದಕ್ಕೆ ಸಿಗೋ ಸಲಹೆ ಎರಡು. ಒಂದು, ಬೇಸಿಗೆಗೆ ಬೇರೆ ಸೈಕಲ್ ತಗೋ. ಎರಡು, ಇರೋ ಸೈಕಲ್ಲಿಗೇ ಬೇಸಿಗೆಗೆ ಅಂತ ಇನ್ನೊಂದು ಜೊತೆ ದೊಡ್ಡ ಚಕ್ರ ಮಾಡಿಸು.

ಮೊದಲನೆಯದು ನನ್ನ ಕೈಲಾಗಲ್ಲ. ಇರೋದು ಒಂದು ಬೆಡ್‌ರೂಮಿನ ಮನೆ. ವೀಸಾ ಯಾವಾಗ ಏನಾಗುತ್ತೋ ಗೊತ್ತಿಲ್ಲ. ನಾಳೆ ಗಂಟುಮೂಟೆ ಕಟ್ಟಬೇಕಾಗಿ ಬಂದರೆ ಒಂದು ಸೈಕಲ್ ಊರಿಗೆ ತರಬಹುದು, ಎರಡು ತರೋಕಾಗಲ್ಲ. ಹಾಗಾಗಿ ಎರಡನೆಯದಕ್ಕೆ ಒಪ್ಪಿದೆ. "ನಿನ್ನದು 26 ಇಂಚಿನ ಚಕ್ರ, 27.5 ಹಾಕು, ಮೂರಿಂಚಿನ ಟೈರು ಹಾಕು, ದೊಡ್ಡ ಚಕ್ರ ಚೆನ್ನಾಗಿ ಉರುಳುತ್ತೆ" ಅಂದ ಅಂಗಡಿಯವನು. 26ಕ್ಕಿಂತ 27.5 ದೊಡ್ಡದು ತಾನೇ? ಹೌದು ಅಂತ ತಲೆಯಾಡಿಸಿ ದುಡ್ಡು ಕೊಟ್ಟು ಬಂದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾನು!

ಜೂನ್‌ನಲ್ಲಿ ಕುಯುನಾ ಟ್ರೇಲಿಗೆ ಹೋದೆ. ಕ್ರಾಸ್ಬಿ ಅನ್ನೋ ಊರಿನ ಹತ್ತಿರ, ಹಳೇ ಕಬ್ಬಿಣದ ಗಣಿಗಳಿದ್ದ ಜಾಗ. ಆ ಕೆಂಪು ಧೂಳು ನೋಡಿದರೆ ಸಂಡೂರು ನೆನಪಾಗುತ್ತೆ. ಹಿಂದಿನ ಬೇಸಿಗೆಯಲ್ಲಿ ದಪ್ಪ ಟೈರಿನಲ್ಲೇ ಎಷ್ಟೋ ಸಲ ದಾಟಿದ್ದ ಒಂದು ಕಲ್ಲು. ಈ ಸಲ ಎಡ ಪೆಡಲ್ಲು ಹೋಗಿ ಅದಕ್ಕೇ ಬಡಿಯಿತು. ಸೈಕಲ್ ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಕಾಲರ್ ಬೋನ್ ಮುರೀತು. ಆರು ವಾರ ರಜಾ ಇಲ್ಲದ ರಜಾ, ಬಲಗೈಯಲ್ಲೇ ಕೋಡ್ ಬರೆದೆ. ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ (ಅವರು ಈ ಬ್ಲಾಗ್ ಓದಲ್ಲ ಅನ್ನೋ ಧೈರ್ಯ).

ಮೊದಲೇ ಮಾಡಬೇಕಿದ್ದ ಕೆಲಸವನ್ನ ಆಗ ಮಾಡಿದೆ. ಟೈರಿನ ಮೇಲೊಂದು ಸೀಮೆಸುಣ್ಣದ ಗೆರೆ. ಗೆಳೆಯನನ್ನ ಸೈಕಲ್ ಮೇಲೆ ಕೂರಿಸಿ, ಪಾರ್ಕಿಂಗ್ ಜಾಗದಲ್ಲಿ ಸರಿಯಾಗಿ ಒಂದು ಸುತ್ತು ಉರುಳಿಸಿ ಟೇಪ್ ಹಿಡಿದೆ. ನನ್ನ ಚಳಿಗಾಲದ 26×4.8 ಟೈರು: 2420 ಮಿ.ಮೀ. ಬೇಸಿಗೆಯ "ದೊಡ್ಡ" 27.5×3: 2285 ಮಿ.ಮೀ. ದೊಡ್ಡದು ಅಂತ ತಂದ ಚಕ್ರ ಸುತ್ತಳತೆಯಲ್ಲಿ 135 ಮಿ.ಮೀ. ಚಿಕ್ಕದು! ಲೆಕ್ಕ ಹಾಕಿ ನೋಡಿ, ಇಡೀ ಸೈಕಲ್ಲು, ಪೆಡಲ್ ಸಮೇತ, ಎರಡು ಸೆಂಟಿಮೀಟರಿಗಿಂತ ಹೆಚ್ಚು ಕೆಳಗಿಳಿದಿತ್ತು. ಕಲ್ಲು ಬೆಳೆದಿರಲಿಲ್ಲ, ನಾನೇ ಕುಗ್ಗಿದ್ದೆ.

ಈ 26, 27.5, 29 ಎಲ್ಲಾ ಬರೀ ಹೆಸರುಗಳು ಕಣ್ರೀ, ಅಳತೆಗಳಲ್ಲ. ರಿಮ್ಮಿನಲ್ಲಿ ಟೈರು ಕೂರೋ ಜಾಗದ ವ್ಯಾಸ ಕ್ರಮವಾಗಿ 559, 584, 622 ಮಿ.ಮೀ. 26ರಿಂದ 27.5ಕ್ಕೆ ಹೆಸರಲ್ಲಿ ಒಂದೂವರೆ ಇಂಚು ಏರಿದರೆ, ರಿಮ್ಮಿನಲ್ಲಿ ಏರೋದು 25 ಮಿ.ಮೀ., ಅಂದರೆ ಒಂದೇ ಇಂಚು. ಅದರ ಮೇಲೆ ಟೈರಿನ ಎತ್ತರ ಮೇಲೊಂದು ಸಲ, ಕೆಳಗೊಂದು ಸಲ ಸೇರುತ್ತೆ. 4.8 ಕಿತ್ತು 3 ಹಾಕಿದಾಗ ಅಲ್ಲಿ ಕಳೆದುಕೊಳ್ಳೋದು ಆ ಒಂದು ಇಂಚಿಗಿಂತ ಜಾಸ್ತಿ. ಇನ್ನೂ ತಮಾಷೆ ಬೇಕಾ? ಅಪ್ಪ ಹಾಲು ತರೋಕೆ ಹೋಗ್ತಿದ್ದ ಅಟ್ಲಾಸ್ ಸೈಕಲ್ಲಿನದು 28×1½ ಟೈರು. ಅದರ ರಿಮ್ಮು 635 ಮಿ.ಮೀ. ಇಲ್ಲಿಯ "29"ಕ್ಕಿಂತ ನಮ್ಮೂರಿನ "28" ದೊಡ್ಡದು!

ಹಾಗಾದರೆ ಬೇಸಿಗೆಗೆ ಏನು ಹಾಕಬೇಕು? ಗೆಳೆಯನ ಹತ್ತಿರ ಕ್ರ್ಯಾಂಪಸ್ ಇದೆ, 2012ರಲ್ಲಿ ಸರ್ಲಿಯವರೇ 29×3 ಟೈರಿಗೆ ಅಂತ ತಂದ ಸೈಕಲ್. ಅದರ ಚಕ್ರವನ್ನೂ ಉರುಳಿಸಿದೆ. 2410 ಮಿ.ಮೀ. ನನ್ನ ಚಳಿಗಾಲದ ಟೈರಿಗೂ ಅದಕ್ಕೂ ಎತ್ತರದಲ್ಲಿ ಎರಡು ಮಿ.ಮೀ. ವ್ಯತ್ಯಾಸವೂ ಇಲ್ಲ. ಅಂದರೆ ಪೆಡಲ್ಲಿನ ಎತ್ತರ, ಗೇರಿನ ಲೆಕ್ಕ, ಸೈಕಲ್ ತಿರುಗೋ ರೀತಿ, ಎಲ್ಲಾ ಚಳಿಗಾಲದ ಹಾಗೇ ಇರುತ್ತೆ. ಕಮ್ಮಿಯಾಗೋದು ಭಾರ, ಎಳೆತ, ಪುಟಿತ ಮಾತ್ರ.

"27.5 ಹಗುರ, ಬೇಗ ವೇಗ ಹಿಡಿಯುತ್ತೆ" ಅಂತ ವಾದ ಮಾಡೋರಿದ್ದಾರೆ. ನಿಜವೇ. ನಿಮ್ಮ ಚಳಿಗಾಲದ ಟೈರು 4 ಇಂಚಿನ ಒಳಗಿದ್ದರೆ ಸೈಕಲ್ ಅಷ್ಟೇನೂ ಇಳಿಯಲ್ಲ, ಧಾರಾಳವಾಗಿ ಹಾಕಿ. 29×3 ಎಲ್ಲಾ ಫ್ರೇಮಿಗೂ ಹಿಡಿಸಲ್ಲ ಅನ್ನೋದೂ ನಿಜ. ಇಲ್ಲಿ ಅಗಲದ ತಕರಾರಿಲ್ಲ, ಎತ್ತರದ್ದು. ಸೀಟಿನ ಕೊಳವೆ ಹಿಂದೆ, ಮುಂದಿನ ಫೋರ್ಕಿನ ನೆತ್ತಿಯ ಕೆಳಗೆ, ಟೈರು ಹಾಕಿದ ಮೇಲೂ ಒಂದು ಪೆನ್ಸಿಲ್ ತೂರಬೇಕು. ಹಬ್ಬಿನ ಅಗಲವೂ ಫ್ರೇಮಿಗೆ ಸರಿಯಾಗಿರಬೇಕು. ನನ್ನದು ಹಿಂದೆ 197, ಮುಂದೆ 150 ಮಿ.ಮೀ. ಇದನ್ನೆಲ್ಲ ನೋಡೋಕೆ ಹತ್ತು ನಿಮಿಷ ಸಾಕು. ನನ್ನ ತಕರಾರು 27.5ರ ಮೇಲಲ್ಲ. ಆ ಹತ್ತು ನಿಮಿಷ ಖರ್ಚು ಮಾಡದೆ ಸ್ಟಿಕ್ಕರ್ ಓದಿ ಸಲಹೆ ಕೊಡೋರ ಮೇಲೆ, ಅದನ್ನ ನಂಬೋ ನನ್ನಂಥವರ ಮೇಲೆ. ಆಫೀಸಿನಲ್ಲಿ ಟೆಸ್ಟ್ ಮಾಡದ ಎರಡು ಸಾಲು ಕೋಡನ್ನ ಒಳಗೆ ಬಿಟ್ಟುಕೊಳ್ಳದ ನಾವು, ಮೈಮೂಳೆ ಒಪ್ಪಿಸೋ ಚಕ್ರವನ್ನ ಬರೀ ನಂಬರ್ ನೋಡಿ ತಂದುಬಿಡ್ತೀವಲ್ಲ!

27.5ರ ಜೊತೆಯನ್ನ ಅರ್ಧ ಬೆಲೆಗೆ ಮಾರಿದೆ. ಕೊಂಡವನ ಸೈಕಲ್ಲಿನ ಟೈರು 3.8, ಅಳತೆ ತೋರಿಸಿಯೇ ಕೊಟ್ಟೆ. 29ರ ಚಕ್ರ ಕಟ್ಟಿಸಿಕೊಂಡು ಹೋದ ಭಾನುವಾರ ಕುಯುನಾಗೆ ಹೋಗಿದ್ದೆ. ಅದೇ ಕಲ್ಲು. ಒಂದು ಸಲ ಇಳಿದು ನೋಡಿದೆ, ಆಮೇಲೆ ಹತ್ತಿ ದಾಟಿದೆ. ಪೆಡಲ್ ತಾಗಲಿಲ್ಲ.

ನನ್ನ ಲೆಕ್ಕ ತಪ್ಪು ಅನ್ನೋರು ಕೆಳಗೆ ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ. ಆದರೆ ನಿಮ್ಮ ಚಕ್ರ ಉರುಳಿಸಿ, ಮಿ.ಮೀ. ಬರೆದು ಬೈಯಿರಿ :-)